ಬ್ಲೆಚ್ಲಿ ಪಾರ್ಕ್: ಒಂದು ಗುಪ್ತ ಸಂದೇಶದ ಹಾದಿ ಹಿಡಿದು

ಲಂಡನ್ ಪ್ರವಾಸದಲ್ಲಿ ಒಂದು ಇಡೀ ದಿನವನ್ನು ಬಿಡುವು ಮಾಡಿಕೊಳ್ಳಬಲ್ಲವರಿಗೆ, ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಗೂಢಲಿಪಿಯನ್ನು ಬಿಡಿಸಿದ ಬ್ಲೆಚ್ಲಿ ಪಾರ್ಕ್‌ಗೆ ಹೋಗಿ ಬನ್ನಿ ಎಂದೇ ನಾನು ಹೇಳುತ್ತೇನೆ. ಆದರೆ ಅಲ್ಲಿಗೆ ಹೋದ ಹಲವರು ಕೆರೆಯ ಮುಂದಿನ ಬಂಗಲೆಯೆದುರು ಫೋಟೊ ತೆಗೆಸಿಕೊಂಡು, ಗಣಿತಜ್ಞ ಅಲನ್ ಟ್ಯೂರಿಂಗ್ ಕೂತಿದ್ದ ಕೊಠಡಿಗೆ ಇಣುಕಿ, "ಇಷ್ಟೇನಾ?" ಎಂದುಕೊಂಡು ಹಿಂದಿರುಗುತ್ತಾರೆ. ನೋಡುವ ಕ್ರಮ ತಪ್ಪಿದರೆ ಹಾಗಾಗುವುದು ಸಹಜ. 1945ರ ಆರಂಭದ ಹೊತ್ತಿಗೆ ಸುಮಾರು 9,000 ಜನ, ಅವರಲ್ಲಿ ಮುಕ್ಕಾಲು ಪಾಲು ಹೆಂಗಸರು, ಮೂರು ಪಾಳಿಗಳಲ್ಲಿ ದುಡಿಯುತ್ತಿದ್ದ ವ್ಯವಸ್ಥೆ ಇದು. ಆದ್ದರಿಂದ ಒಂದು ಸಂದೇಶ ಇಲ್ಲಿಗೆ ಬಂದು ಯಾವ ಯಾವ ಕೈಗಳನ್ನು ದಾಟುತ್ತಿತ್ತೋ ಅದೇ ಹಾದಿಯಲ್ಲಿ ನಡೆದು ನೋಡುವುದು ಒಳ್ಳೆಯದು.

ಹೋಗುವುದು ಸುಲಭ. ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ಬ್ಲೆಚ್ಲಿಗೆ ರೈಲಿನಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಗಂಟೆಯ ದಾರಿ. ದೂರದ ಊರುಗಳಿಗೆ ಹೋಗುವ ವೇಗದ ರೈಲುಗಳು ಬ್ಲೆಚ್ಲಿಯಲ್ಲಿ ನಿಲ್ಲುವುದಿಲ್ಲವಾದ್ದರಿಂದ, ಹತ್ತುವ ಮೊದಲು ಫಲಕದಲ್ಲಿ ನಿಲುಗಡೆಗಳ ಪಟ್ಟಿಯನ್ನು ಓದಿಕೊಳ್ಳಬೇಕು. ಬೆಳಗಿನ ದಟ್ಟಣೆಯ ಹೊತ್ತು ಕಳೆದ ಮೇಲೆ ಹೊರಟರೆ ಟಿಕೆಟ್ ಅಗ್ಗವಾಗುತ್ತದೆ. ನಿಲ್ದಾಣದಿಂದ ಉದ್ಯಾನದ ಬಾಗಿಲಿಗೆ ಕೆಲವೇ ನಿಮಿಷಗಳ ನಡಿಗೆ, ಟ್ಯಾಕ್ಸಿ ಬೇಡ. ಈ ಸಾಮೀಪ್ಯ ಆಕಸ್ಮಿಕವೇನಲ್ಲ. 1938ರಲ್ಲಿ ಬ್ರಿಟಿಷ್ ರಹಸ್ಯ ಗುಪ್ತಚರ ಸೇವೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಹ್ಯೂ ಸಿಂಕ್ಲೇರ್ ಈ ಎಸ್ಟೇಟನ್ನು ಕೊಂಡಾಗ, ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಮುಖ್ಯ ಮಾರ್ಗವೂ ಆಕ್ಸ್‌ಫರ್ಡ್‌-ಕೇಂಬ್ರಿಜ್ ನಡುವಿನ ಮಾರ್ಗವೂ ಇಲ್ಲೇ ಸಂಧಿಸುತ್ತಿದ್ದವು. ಬೇಕಾಗಿದ್ದ ಗಣಿತಜ್ಞರು, ಭಾಷಾಪಂಡಿತರು ಆ ಎರಡು ವಿಶ್ವವಿದ್ಯಾಲಯಗಳಿಂದಲೇ ಬರಬೇಕಿತ್ತು.

ಟಿಕೆಟ್ ವಿಚಾರದಲ್ಲಿ ಒಂದು ಎಚ್ಚರಿಕೆ ಅಗತ್ಯ. ಒಂದೇ ಆವರಣದಲ್ಲಿ ಎರಡು ಪ್ರತ್ಯೇಕ ಸಂಸ್ಥೆಗಳಿವೆ: ಬ್ಲೆಚ್ಲಿ ಪಾರ್ಕ್ ಮತ್ತು ರಾಷ್ಟ್ರೀಯ ಕಂಪ್ಯೂಟಿಂಗ್ ವಸ್ತುಸಂಗ್ರಹಾಲಯ. ಒಂದರ ಟಿಕೆಟ್ ಇನ್ನೊಂದಕ್ಕೆ ನಡೆಯುವುದಿಲ್ಲ, ತೆರೆದಿರುವ ದಿನಗಳೂ ಒಂದೇ ಅಲ್ಲ. ಎರಡೂ ತೆರೆದಿರುವ ದಿನವನ್ನೇ ನೋಡಿಕೊಂಡು ಮುಂಗಡ ಕಾಯ್ದಿರಿಸಿ. ಕಂಪ್ಯೂಟಿಂಗ್ ವಸ್ತುಸಂಗ್ರಹಾಲಯವನ್ನು ಬಿಟ್ಟು ಬಂದರೆ ಕಥೆಯ ಉತ್ತರಾರ್ಧವನ್ನೇ ಬಿಟ್ಟಂತೆ.

ಒಳಗೆ ಹೋದವರು ಮೊದಲು ಬ್ಲಾಕ್ ಬಿ ಕಟ್ಟಡದಲ್ಲಿರುವ, ಜರ್ಮನರು ಸಂದೇಶಗಳನ್ನು ಗೂಢಲಿಪಿಗೆ ತಿರುಗಿಸಲು ಬಳಸುತ್ತಿದ್ದ ಎನಿಗ್ಮಾ ಯಂತ್ರಗಳ ಮುಂದೆ ಸಾವಕಾಶವಾಗಿ ನಿಲ್ಲಬೇಕು. ನೋಡಲು ಮರದ ಪೆಟ್ಟಿಗೆಯಲ್ಲಿಟ್ಟ ಟೈಪ್‌ರೈಟರ್‌ನಂತಿದೆ. ಒಂದು ಕೀಲಿಯನ್ನು ಒತ್ತಿದರೆ ಬಲಗಡೆಯ ಚಕ್ರ ಒಂದು ಹಲ್ಲು ಮುಂದೆ ಸರಿಯುತ್ತದೆ, ವಿದ್ಯುತ್ತು ಚಕ್ರಗಳನ್ನು ಹಾದು ಹೋಗಿ ಹಿಂದಿರುಗುತ್ತದೆ, ದೀಪಗಳ ಸಾಲಿನಲ್ಲಿ ಬೇರೊಂದು ಅಕ್ಷರ ಬೆಳಗುತ್ತದೆ. ಅದೇ ಕೀಲಿಯನ್ನು ಮತ್ತೆ ಒತ್ತಿದರೆ ಬೆಳಗುವ ಅಕ್ಷರ ಬೇರೆಯಾಗಬಹುದು. ಮುಂಭಾಗದಲ್ಲಿ ತಂತಿ ಸಿಕ್ಕಿಸುವ ಫಲಕವೂ ಸೇರಿ ಸಾಧ್ಯವಿರುವ ಜೋಡಣೆಗಳ ಸಂಖ್ಯೆ ಊಹೆಗೆ ನಿಲುಕುವುದಿಲ್ಲ. ಆದರೆ ಯಾವ ಅಕ್ಷರವೂ ಎಂದೂ ತಾನೇ ಆಗಿ ಹೊರಬರುವುದಿಲ್ಲ ಎಂಬ ಒಂದು ಕೊರತೆ ಈ ಯಂತ್ರಕ್ಕಿತ್ತು. ಹವಾಮಾನ ವರದಿಯಂತಹ ಸಂದೇಶದಲ್ಲಿ ಇಂತಹ ಪದ ಇದ್ದೇ ಇರುತ್ತದೆ ಎಂದು ಊಹಿಸಿ, ಅದನ್ನು ಗೂಢಲಿಪಿಯ ಕೆಳಗಿಟ್ಟು ಸರಿಸುತ್ತ ಹೋದರೆ, ಎಲ್ಲಿ ಕೂರಲಾರದು ಎಂಬುದು ಕೂಡಲೇ ತಿಳಿಯುತ್ತಿತ್ತು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಬಿಡಿಸಿದಂತೆ ಅರ್ಥವಾಗುತ್ತದೆ.

ಅಲ್ಲಿಂದ ಹಟ್ 6ಕ್ಕೆ ಹೋಗಿ. ಬ್ರಿಟನ್ನಿನ ಹಲವೆಡೆ ರೇಡಿಯೊ ಆಲಿಸುವ ಕೇಂದ್ರಗಳಲ್ಲಿ ಬರೆದುಕೊಂಡ ಜರ್ಮನ್ ಭೂಸೇನೆ ಮತ್ತು ವಾಯುಪಡೆಯ ಸಂದೇಶಗಳು ಮೋಟಾರ್‌ಸೈಕಲ್ ಸವಾರರ ಚೀಲದಲ್ಲೋ ಟೆಲಿಪ್ರಿಂಟರ್ ಮೂಲಕವೋ ಈ ಮರದ ಶೆಡ್ಡಿಗೆ ಬರುತ್ತಿದ್ದವು. ಇಕ್ಕಟ್ಟಾದ ಓಣಿ, ಮಂಕು ದೀಪ, ಸಾಧಾರಣ ಮೇಜು ಕುರ್ಚಿಗಳನ್ನು ಆ ಕಾಲದಂತೆಯೇ ಜೋಡಿಸಿಟ್ಟಿದ್ದಾರೆ. ಬಿಡಿಸಿದ ಸಂದೇಶವನ್ನು ಅನುವಾದಿಸಿ ಅದರ ಅರ್ಥವನ್ನು ತೂಗಿ ನೋಡುತ್ತಿದ್ದವರು ಪಕ್ಕದ ಹಟ್ 3ರವರು. ಎರಡರ ನಡುವೆ ಮರದ ಒಂದು ಗೂಡುದಾರಿಯಿತ್ತು. ಕಾಗದಗಳ ತಟ್ಟೆಯನ್ನು ಅದರೊಳಗಿಟ್ಟು ಪೊರಕೆಯ ಕೋಲಿನಿಂದ ಆ ಕಡೆಗೆ ತಳ್ಳುತ್ತಿದ್ದರು. ಯುದ್ಧದ ಗತಿಯನ್ನೇ ತಿರುಗಿಸಿದ ಮಾಹಿತಿ ಪೊರಕೆ ಕೋಲಿನ ಮೇಲೆ ಸಾಗಿತೆಂಬುದು ನನಗಂತೂ ಯಾವ ಯಂತ್ರಕ್ಕಿಂತ ಹೆಚ್ಚು ನೆನಪಿನಲ್ಲುಳಿದಿದೆ.

ಹಟ್ 8 ಜರ್ಮನ್ ನೌಕಾಪಡೆಯ ಎನಿಗ್ಮಾಕ್ಕೆ ಮೀಸಲಾಗಿತ್ತು. ಟ್ಯೂರಿಂಗ್ ಕೊಠಡಿಯೂ, ಸರಪಳಿಯಿಂದ ರೇಡಿಯೇಟರಿಗೆ ಕಟ್ಟಿದ ಚಹಾದ ಲೋಟವೂ ಇಲ್ಲಿವೆ. ಜನ ಸೇರುವುದೂ ಇಲ್ಲೇ. ಲೋಟವನ್ನು ನೋಡಿ ಮುಂದೆ ಹೋಗಿಬಿಡಬೇಡಿ. 1942ರ ಫೆಬ್ರವರಿಯಲ್ಲಿ ಅಟ್ಲಾಂಟಿಕ್‌ನ ಜರ್ಮನ್ ಜಲಾಂತರ್ಗಾಮಿಗಳು ನಾಲ್ಕು ಚಕ್ರಗಳ ಎನಿಗ್ಮಾಕ್ಕೆ ಬದಲಾದಾಗ, ಹತ್ತು ತಿಂಗಳು ಈ ಹಟ್ ಬಹುತೇಕ ಕುರುಡಾಗಿತ್ತು, ಸರಕು ಹಡಗುಗಳು ಒಂದರ ಹಿಂದೊಂದು ಮುಳುಗುತ್ತಿದ್ದವು. ಅಕ್ಟೋಬರ್ 30ರಂದು ಈಜಿಪ್ಟಿನ ಕರಾವಳಿಯಾಚೆ ಮುಳುಗುತ್ತಿದ್ದ ಜರ್ಮನ್ ಜಲಾಂತರ್ಗಾಮಿ ಯು-559ರ ಒಳಗಿಳಿದು ಸಂಕೇತಪುಸ್ತಕಗಳನ್ನು ಮೇಲಕ್ಕೆ ಕೊಟ್ಟ ಬ್ರಿಟಿಷ್ ನಾವಿಕರಾದ ಆ್ಯಂಟನಿ ಫ್ಯಾಸನ್ ಮತ್ತು ಕಾಲಿನ್ ಗ್ರೇಜಿಯರ್ ಅದರೊಂದಿಗೇ ಮುಳುಗಿಹೋದರು. ಆ ಪುಸ್ತಕಗಳ ನೆರವಿನಿಂದ ಡಿಸೆಂಬರಿನಲ್ಲಿ ಮತ್ತೆ ದಾರಿ ತೆರೆಯಿತು. ಗಣಿತದ ಜೊತೆಗೆ ಇಂತಹ ಕೈಗಳೂ ಇದ್ದವು.

ಕುದುರೆಲಾಯದ ಅಂಗಳದಲ್ಲಿರುವ ಪೋಲೆಂಡಿನವರ ಸ್ಮಾರಕದ ಬಳಿ ಐದು ನಿಮಿಷ ನಿಲ್ಲುವುದು ನ್ಯಾಯ. ಪೋಲೆಂಡಿನ ಗಣಿತಜ್ಞ ಮರಿಯನ್ ರೆಯೆವ್ಸ್ಕಿ 1932ರ ಕೊನೆಯಲ್ಲೇ ಎನಿಗ್ಮಾದ ಒಳತಂತಿಗಳ ಜೋಡಣೆಯನ್ನು ಗಣಿತದಿಂದ ಕಂಡುಹಿಡಿದಿದ್ದರು. ಅವರ ಜೊತೆ ರುಜಿಟ್ಸ್ಕಿ, ಜಿಗಾಲ್ಸ್ಕಿ ದುಡಿದರು. ಯುದ್ಧಕ್ಕೆ ಕೆಲವೇ ವಾರಗಳ ಮುಂಚೆ, 1939ರ ಜುಲೈನಲ್ಲಿ, ಪೋಲೆಂಡ್ ತನಗೆ ಗೊತ್ತಿದ್ದುದನ್ನೆಲ್ಲ ಬ್ರಿಟಿಷರಿಗೂ ಫ್ರೆಂಚರಿಗೂ ಒಪ್ಪಿಸಿತು.

ಬಂಗಲೆಯನ್ನು ಇದಾದ ಮೇಲೆ ನೋಡಿದರೆ ಸಾಕು. ಊಟಕ್ಕೆ ಹಟ್ 4ರಲ್ಲಿ ಕ್ಯಾಂಟೀನ್ ಇದೆ. ಹಿಂದೆ ಅದು ನೌಕಾ ಗುಪ್ತಚರ ವಿಭಾಗ. ಸಸ್ಯಾಹಾರಿಗಳಿಗೆ ಆಯ್ಕೆ ಹೆಚ್ಚಿರುವುದಿಲ್ಲ ಎಂದೇ ಎಣಿಸಿ ಕೈಯಲ್ಲಿ ಏನಾದರೂ ಕಟ್ಟಿಕೊಂಡಿರುವುದು ಕ್ಷೇಮ. ಕಟ್ಟಡದಿಂದ ಕಟ್ಟಡಕ್ಕೆ ಬಯಲಿನಲ್ಲೇ ನಡೆಯಬೇಕಾದ್ದರಿಂದ ಬೇಸಿಗೆಯಲ್ಲೂ ಕೊಡೆ, ಸ್ವೆಟರ್ ಇರಲಿ. ಹಿರಿಯರೊಂದಿಗೆ ಹೋಗುವವರು ನಡುನಡುವೆ ಕೆರೆಯ ದಡದಲ್ಲಿ ಕೂತು ಏಳುವಷ್ಟು ಸಮಯ ಇಟ್ಟುಕೊಳ್ಳಬೇಕು.

ಮಧ್ಯಾಹ್ನವನ್ನು ಪೂರ್ತಿಯಾಗಿ ಕಂಪ್ಯೂಟಿಂಗ್ ವಸ್ತುಸಂಗ್ರಹಾಲಯಕ್ಕೆ ಕೊಡಿ. ಎನಿಗ್ಮಾದ ದಿನದ ಜೋಡಣೆಯನ್ನು ಹುಡುಕುತ್ತಿದ್ದ 'ಬಾಂಬ್' ಯಂತ್ರವನ್ನು ಸ್ವಯಂಸೇವಕರು ಮರುನಿರ್ಮಿಸಿದ್ದು, ಅದನ್ನು ಓಡಿಸಿ ತೋರಿಸುವ ಹೊತ್ತಿಗೆ ಹಾಜರಿರಬೇಕು. 108 ಉರುಳೆಗಳು ಸಾಲಾಗಿ ಖಟಖಟಿಸುತ್ತ ತಿರುಗುವ ಸದ್ದನ್ನು ಕೇಳಿದರೆ, ಅದರ ಮುಂದೆ ಎಂಟು ಗಂಟೆ ನಿಲ್ಲುತ್ತಿದ್ದ ನೌಕಾಪಡೆಯ ಯುವತಿಯರ ಪಾಡು ಕಣ್ಣಿಗೆ ಕಟ್ಟುತ್ತದೆ. ಇನ್ನೊಂದು ಕೊಠಡಿಯಲ್ಲಿ, ಲೊರೆಂಜ್ ಎಂಬ ಇನ್ನೊಂದು ಜರ್ಮನ್ ಗೂಢಲಿಪಿಯನ್ನು ಬಿಡಿಸಲು ನೆರವಾದ ಗಣಕಯಂತ್ರ ಕೊಲೋಸಸ್ ಇದೆ. ಹಿಟ್ಲರ್ ಮತ್ತು ಅವನ ಸೇನಾಪತಿಗಳ ನಡುವೆ ಓಡಾಡುತ್ತಿದ್ದ ಈ ಲಿಪಿ ಎನಿಗ್ಮಾಕ್ಕಿಂತ ಜಟಿಲವಾದದ್ದು. 1941ರ ಆಗಸ್ಟಿನಲ್ಲಿ ಒಬ್ಬ ಜರ್ಮನ್ ನಿರ್ವಾಹಕ ಸುಮಾರು 4,000 ಅಕ್ಷರಗಳ ಸಂದೇಶವನ್ನು ಅದೇ ಜೋಡಣೆಯಲ್ಲಿ, ಅಲ್ಲಲ್ಲಿ ಪದಗಳನ್ನು ಮೊಟಕುಗೊಳಿಸಿ, ಎರಡನೆಯ ಸಲ ಕಳಿಸಿದ. ಆ ಸೋಮಾರಿತನ ಸಾಕಾಯಿತು: ಬ್ಲೆಚ್ಲಿಯ ಜಾನ್ ಟಿಲ್ಟ್‌ಮನ್ ಸಂದೇಶವನ್ನು ಬಿಡಿಸಿದರು, ಬಿಲ್ ಟಟ್ ಕಣ್ಣಿಂದ ನೋಡದ ಯಂತ್ರದ ರಚನೆಯನ್ನೇ ತರ್ಕಿಸಿ ತೆಗೆದರು. ಅಂಚೆ ಇಲಾಖೆಯ ಇಂಜಿನಿಯರ್ ಟಾಮಿ ಫ್ಲವರ್ಸ್ ನಿರ್ವಾತ ಕವಾಟಗಳಿಂದ ಕಟ್ಟಿದ ಕೊಲೋಸಸ್ 1944ರಲ್ಲಿ ಕೆಲಸಕ್ಕಿಳಿದು, ಕಾಗದದ ಪಟ್ಟಿಯಿಂದ ಸೆಕೆಂಡಿಗೆ 5,000 ಅಕ್ಷರಗಳನ್ನು ಓದುತ್ತಿತ್ತು. ಟೋನಿ ಸೇಲ್ ಮತ್ತವರ ತಂಡ ಉಳಿದಿದ್ದ ಕೆಲವು ಚಿತ್ರಗಳು, ವಿದ್ಯುತ್ ಮಂಡಲಗಳ ತುಣುಕು ನಕ್ಷೆಗಳ ಆಧಾರದ ಮೇಲೆ ಅದನ್ನು ಮತ್ತೆ ಕಟ್ಟಿದರು. ವಿವರಿಸುವ ಸ್ವಯಂಸೇವಕರನ್ನು ಸಂಕೋಚವಿಲ್ಲದೆ ಪ್ರಶ್ನಿಸಿ, ಕೇಳಿದಷ್ಟೂ ಹೇಳುತ್ತಾರೆ.

ನಮ್ಮವರು ತಿಳಿದಿರಬೇಕಾದ ಸಂಗತಿ ಇನ್ನೊಂದಿದೆ. ಜಪಾನೀ ಸಂದೇಶಗಳ ಕೆಲಸಕ್ಕೆ ಬ್ಲೆಚ್ಲಿಯ ಹೊರಕೇಂದ್ರವೊಂದು ದೆಹಲಿಯ ಆನಂದ ಪರ್ಬತದಲ್ಲಿತ್ತು. ಅದರ ಅಡಿಯಲ್ಲಿ ಬ್ಯಾರಕ್‌ಪುರದಲ್ಲೂ ನಮ್ಮ ಬೆಂಗಳೂರಿನಲ್ಲೂ ಉಪಕೇಂದ್ರಗಳು ನಡೆಯುತ್ತಿದ್ದವು. ಇಂಗ್ಲೆಂಡಿನಲ್ಲಿ ಜಪಾನೀ ಭಾಷೆಯನ್ನು ಆರು ತಿಂಗಳಲ್ಲಿ ಕಲಿಸುವ ತರಗತಿಗಳು ಬೆಡ್‌ಫರ್ಡಿನಲ್ಲಿದ್ದವು. ಆ ಊರಿಗೆ ಬ್ಲೆಚ್ಲಿಯಿಂದಲೇ ಒಂದು ಸಣ್ಣ ರೈಲುಮಾರ್ಗವಿದೆ, ಆದರೆ ಅದೇ ದಿನ ಅಲ್ಲಿಗೂ ಹೋಗುವ ಯೋಚನೆ ಬೇಡ. ಎರಡೂ ಸಂಗ್ರಹಾಲಯಗಳನ್ನು ಸರಿಯಾಗಿ ನೋಡಿ ಮುಗಿಸುವಷ್ಟರಲ್ಲಿ ಮುಚ್ಚುವ ಗಂಟೆಯಾಗಿರುತ್ತದೆ. ಅಷ್ಟು ಸಮಯವಿಲ್ಲದವರು ಬ್ಲಾಕ್ ಬಿ, ಹಟ್ 6, ಹಟ್ 3 ಮತ್ತು ಕೊಲೋಸಸ್ ಇಷ್ಟನ್ನು ಬಿಡದೆ ನೋಡಿ, ಬಂಗಲೆಯನ್ನು ಹೊರಗಿನಿಂದಲೇ ನೋಡಿ ಹೊರಡಬಹುದು.