ಚೆಂಡು ಬ್ಯಾಟಿಗೆ ತಗುಲಿದಾಗಲೇ ಸದ್ದು ಬಂತು

ಬಂತು! ಚೆಂಡು ಬ್ಯಾಟಿಗೆ ತಗುಲುವ ಫ್ರೇಮಿನಲ್ಲೇ ‘ಟಕ್’ ಅನ್ನುವ ಸದ್ದೂ ಬಂತು. ಟೇಪಿನ ಶುರುವಿನಲ್ಲೂ ಸರಿ, ಕೊನೆಯಲ್ಲೂ ಸರಿ. ‘ಮಾಲ್ಗುಡಿ ಡೇಸ್’ ಟೇಪು ಕಡೆಗೂ ಪಳಗಿತು. ಈ ಖುಷಿ ಆರುವ ಮೊದಲೇ ಎಲ್ಲವನ್ನೂ ಬರೆದಿಡುತ್ತಿದ್ದೇನೆ. ಹಳೆಯ ವಿಎಚ್‌ಎಸ್ ಟೇಪನ್ನು ಕಂಪ್ಯೂಟರಿಗೆ ಇಳಿಸುವಾಗ ಚಿತ್ರಕ್ಕೂ ಧ್ವನಿಗೂ ಹೊಂದಿಕೆ ತಪ್ಪುವ ಇದೇ ಕಾಟದಲ್ಲಿ ಒದ್ದಾಡುತ್ತಿರುವವರು ಇನ್ನೂ ಇದ್ದಾರೆ ಅಂತ ಗೊತ್ತು.

ವಿಸಿಆರ್‌ನಲ್ಲಿ ಟೇಪು ಓದುವ ಹೆಡ್ ತೊಳೆಯುವುದು, ಎಸ್-ವಿಡಿಯೊ ತಂತಿ, ಗುಣ ಕೆಡದಂತೆ ಉಳಿಸುವ ಹಫ್‌ವೈಯುವಿಯಲ್ಲಿ ಕ್ಯಾಪ್ಚರ್ (ಕಂಪ್ಯೂಟರಿಗೆ ಇಳಿಸುವುದು), ಆಮೇಲೆ ಚಿತ್ರದ ಅಡ್ಡಗೆರೆ ತೆಗೆಯುವ ಕ್ಯೂಟಿಜಿಎಂಸಿ. ಇದೆಲ್ಲ ನಿಮಗೆ ಗೊತ್ತಿರುವುದೇ, ಬಿಡುತ್ತೇನೆ. ನನ್ನ ಟೇಪುಗಳ ಕಷ್ಟ ಬೇರೆ ಕಡೆ ಇದೆ. ಇವು ಸೋದರಮಾವ ತೀರ್ಥಹಳ್ಳಿ ಕಡೆಯ ಮನೆಯಲ್ಲಿ ದೂರದರ್ಶನದಿಂದ ನೇರ ರೆಕಾರ್ಡ್ ಮಾಡಿಟ್ಟವು. ಮಲೆನಾಡಿನ ಗುಡ್ಡಗಳ ನಡುವೆ ಸಿಗ್ನಲ್ ಹಿಡಿಯಲು ಆಂಟೆನಾಕ್ಕೆ ಎಷ್ಟೆತ್ತರದ ಕಂಬ ಹಾಕಿದರೂ, ಮಳೆ ಗಾಳಿ ಬಂತೆಂದರೆ ಪರದೆ ತುಂಬ ಹರಳು. ಆ ಹರಳಿನ ಜೊತೆಗೆ ದುರ್ಬಲ ಸಿಂಕ್ ಪಲ್ಸ್ (ಗೆರೆ, ಫ್ರೇಮು ಎಲ್ಲಿ ಶುರು ಅಂತ ಹೇಳುವ ಗುರುತು) ಕೂಡ ಟೇಪಿಗೆ ಇಳಿದಿದೆ. ಕಣ್ಣಿಗೆ ಕಾಣುವ ಹರಳನ್ನು ಸಹಿಸಬಹುದು. ಕ್ಯಾಪ್ಚರ್ ಯಂತ್ರಕ್ಕೆ ಮಾತ್ರ ಸಿಂಕ್ ಸಿಗದಿದ್ದರೆ ಆ ಫ್ರೇಮೇ ಇಲ್ಲ.

ನಮ್ಮ ಟಿವಿಯ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮು, ಅಂದರೆ ಒಂದು ಫ್ರೇಮು ಬಿದ್ದುಹೋದರೆ 40 ಮಿಲಿಸೆಕೆಂಡ್ ಮಾಯ. ಚಿತ್ರ ಅಷ್ಟು ಮುಂದೆ ಓಡುತ್ತದೆ, ಧ್ವನಿ ಅಷ್ಟು ಹಿಂದೆ ಬೀಳುತ್ತದೆ. ಇಪ್ಪತ್ತೈದು ಫ್ರೇಮು ಬಿದ್ದರೆ ಒಂದು ಸೆಕೆಂಡ್ ಪೂರ್ತಿ ಹೋಯಿತು. ಬೀಳುವುದೆಲ್ಲ ಸಮನಾಗಿ ಬಿದ್ದಿದ್ದರೆ ಧ್ವನಿಯನ್ನು ಒಂದಿಷ್ಟು ಕುಗ್ಗಿಸಿ ಕೂರಿಸಿಬಿಡಬಹುದಿತ್ತು. ಆದರೆ ನನ್ನ ಟೇಪಿನಲ್ಲಿ ಮಳೆ ಬಂದ ಕಡೆ ಗೊಂಚಲು ಗೊಂಚಲಾಗಿ ಬಿದ್ದಿವೆ, ಆಮೇಲೆ ಹತ್ತಾರು ನಿಮಿಷ ಒಂದೂ ಬಿದ್ದಿಲ್ಲ. ಹೀಗಾಗಿ ಕೊನೆಯನ್ನು ಸರಿ ಮಾಡಿದರೆ ನಡು ಕೆಡುತ್ತದೆ, ನಡುವನ್ನು ಸರಿ ಮಾಡಿದರೆ ಕೊನೆ. ಕ್ಯಾಪ್ಚರ್ ಮಾಡುವ ತಂತ್ರಾಂಶ ವರ್ಚುವಲ್‌ಡಬ್‌ನ ಟೈಮಿಂಗ್ ಪುಟದಲ್ಲಿ ಖಾಲಿ ಫ್ರೇಮು ತುಂಬಿಸುವ ಆಯ್ಕೆ ಹಾಕಿದೆ, ತೆಗೆದೆ, ಧ್ವನಿಯನ್ನು ಹಿಗ್ಗಿಸಿ ಕುಗ್ಗಿಸುವ ಆಡಿಯೊ ರೀಸ್ಯಾಂಪಲ್ ಹಾಕಿದೆ, ತೆಗೆದೆ. ಖಾಲಿ ಫ್ರೇಮು ತುಂಬಿಸಿದಾಗ ಲೆಕ್ಕ ಕೂಡಿತು, ಆದರೆ ಓಡುತ್ತಿರುವ ಹುಡುಗ ಗಕ್ಕನೆ ನಿಂತು ಮತ್ತೆ ಓಡಲು ಶುರು ಮಾಡಿದ.

ಇನ್ನು ಎಷ್ಟು ತಪ್ಪಿದೆ ಅಂತ ಅಳೆಯುವುದೇ ಒಂದು ಕೆಲಸ. ತುಟಿ ನೋಡಿ ಅಳೆಯಬೇಡಿ. ನಮ್ಮ ಹಳೆಯ ಚಿತ್ರಗಳಲ್ಲಿ ಡಬ್ಬಿಂಗ್ ಹೆಚ್ಚು, ತುಟಿಗೂ ಮಾತಿಗೂ ಮೂಲದಲ್ಲೇ ಕೂದಲೆಳೆ ಅಂತರ ಇರುತ್ತದೆ. ಅದನ್ನು ಸರಿ ಮಾಡಲು ಹೋದರೆ ಇಲ್ಲದ ರೋಗಕ್ಕೆ ಮದ್ದು ಕೊಟ್ಟಂತೆ. ಬಾಗಿಲು ಬಡಿದದ್ದು, ಲೋಟ ಇಟ್ಟದ್ದು, ಚಪ್ಪಾಳೆ, ಇಂಥ ಗಟ್ಟಿ ಸದ್ದು ಹುಡುಕಬೇಕು. ಸ್ವಾಮಿ, ಮಣಿ, ರಾಜಂ ಆಡುವ ಕ್ರಿಕೆಟ್ ಅದಕ್ಕೆ ಹೇಳಿ ಮಾಡಿಸಿದ್ದು. ಇನ್ನೊಂದು ಅನುಕೂಲವೆಂದರೆ ‘ಮಾಲ್ಗುಡಿ ಡೇಸ್’ನ ಒಳ್ಳೆಯ ಪ್ರತಿ ಡಿವಿಡಿಯಲ್ಲಿ ಬಂದಿದೆ. ಎರಡು ಹೊಡೆತಗಳ ನಡುವೆ ಡಿವಿಡಿಯಲ್ಲಿ ಎಷ್ಟು ಫ್ರೇಮು, ಟೇಪಿನಲ್ಲಿ ಎಷ್ಟು ಫ್ರೇಮು ಅಂತ ಎಣಿಸಿದರೆ ಕಳವು ಎಲ್ಲಾಯಿತು ಅಂತ ಸಿಕ್ಕಿಬೀಳುತ್ತದೆ. ವಿಸಿಆರ್ ವೇಗ ಸರಿಯಿದೆಯೇ ಅಂತ ನೋಡಲು ಎಲ್. ವೈದ್ಯನಾಥನ್ ಅವರ ಶೀರ್ಷಿಕೆ ಸಂಗೀತ ‘ತಾನಾನ ತಾನ ನಾನ ನಾ’ ಸಾಕು. ಶ್ರುತಿ ಚೂರು ಇಳಿದರೂ ನಮ್ಮ ತಲೆಮಾರಿನ ಕಿವಿಗೆ ತಟ್ಟನೆ ಗೊತ್ತಾಗುತ್ತದೆ.

ಕೆಲವು ಫ್ರೇಮಿಗೆ ಇಷ್ಟು ಒದ್ದಾಟವೇ ಅಂತ ಮನೆಯಲ್ಲಿ ಕೇಳುತ್ತಾರೆ. ಹೌದು, ಬೇಕು. ಅಪ್ಪನ ಎದುರು ಸ್ವಾಮಿ ನಿಂತ ದೃಶ್ಯ ನೋಡಿ. ಗಿರೀಶ್ ಕಾರ್ನಾಡರು ತಲೆ ಎತ್ತುತ್ತಾರೆ, ಸುಮ್ಮನಿರುತ್ತಾರೆ, ಆಮೇಲೆ ಕೇಳುತ್ತಾರೆ. ಮಾಸ್ಟರ್ ಮಂಜುನಾಥ್ ಉತ್ತರ ಹೇಳುವ ಮೊದಲು ಕಣ್ಣು ಪಕ್ಕಕ್ಕೆ ಸರಿಯುತ್ತದೆ. ಇಡೀ ಹೆದರಿಕೆ ಆ ಸುಮ್ಮನಿರುವ ಹೊತ್ತಿನಲ್ಲೇ ಇದೆ. ಧ್ವನಿ ಹತ್ತು ಫ್ರೇಮು ಹಿಂದೆ ಬಿದ್ದ ಪ್ರತಿಯಲ್ಲಿ ಅದೇ ಹುಡುಗ ಪಾಠ ಒಪ್ಪಿಸುವವನಂತೆ ಕಾಣುತ್ತಾನೆ. ಅಷ್ಟು ಸಹಜವಾಗಿ ನಟಿಸಿದ ಹುಡುಗ ನಮ್ಮ ಪರದೆಯ ಮೇಲೆ ಇನ್ನೊಬ್ಬ ಬಂದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಶಂಕರ್ ನಾಗ್ ಅವರನ್ನು ‘ಆಟೋ ರಾಜ’ ಅಂತ ಕೊಂಡಾಡುವವರೆಲ್ಲ, ಮಕ್ಕಳಿಂದ ಕೆಲಸ ತೆಗೆದ ಈ ನಿರ್ದೇಶಕನನ್ನು ಇನ್ನೂ ಒಂದು ತೂಕ ಹೆಚ್ಚು ಕೊಂಡಾಡಬೇಕು. ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳೂ ಇದೇ ಜಾತಿ. ‘ಮುಕ್ತ’ದ ವಕೀಲ ಸಿಎಸ್‌ಪಿ ಕೋರ್ಟಿನಲ್ಲಿ ಪ್ರಶ್ನೆ ಎಸೆದು ಸಾಕ್ಷಿಯನ್ನು ನೋಡುತ್ತಾ ನಿಲ್ಲುವ ಗಳಿಗೆ ಮುಖ್ಯ. ಇವತ್ತಿನ ಧಾರಾವಾಹಿಗಳಲ್ಲಿ ಆ ಮೌನಕ್ಕೆ ಜಾಗವೇ ಇಲ್ಲ. ಒಬ್ಬರು ಬಾಯಿ ಮುಚ್ಚುತ್ತಿದ್ದಂತೆ ಢಂ ಢಂ ಅಂತ ಹಿನ್ನೆಲೆ ಸಂಗೀತ, ಮೂರು ಸಲ ಮುಖಕ್ಕೆ ಝೂಮ್. ಅದನ್ನು ಯಾರಾದರೂ ಮುಂದೆ ಟೇಪಿನಿಂದ ಉಳಿಸುವ ಕಷ್ಟ ಪಡುತ್ತಾರೆಯೇ, ಅನುಮಾನ.

ಪರಿಹಾರಕ್ಕೆ ಬರುತ್ತೇನೆ. ವಿಸಿಆರ್‌ಗೂ ಕ್ಯಾಪ್ಚರ್ ಯಂತ್ರಕ್ಕೂ ನಡುವೆ ಹಳೆಯ ಡಿವಿಡಿ ರೆಕಾರ್ಡರ್ ಕೂರಿಸಿದೆ, ಪ್ಯಾನಾಸೋನಿಕ್ ಇಎಸ್10. ಅದು ರೆಕಾರ್ಡ್ ಮಾಡಬೇಕಾಗಿಲ್ಲ. ಸಿಗ್ನಲ್ ಅದರ ಮೂಲಕ ಹಾದುಹೋದರೆ ಸಾಕು, ಸೊಟ್ಟ ಗೆರೆಗಳನ್ನು ನೆಟ್ಟಗೆ ಮಾಡಿ ಹೊಸ ಸಿಂಕ್ ಕಟ್ಟಿ ಕಳಿಸುತ್ತದೆ. ಇದೇ ಕೆಲಸಕ್ಕೆಂದೇ ಇರುವ ನಿಜವಾದ ಟೈಮ್ ಬೇಸ್ ಕರೆಕ್ಟರ್ ಕೊಳ್ಳುವ ಶಕ್ತಿ ನಮ್ಮಂಥವರಿಗೆ ಎಲ್ಲಿಂದ ಬರಬೇಕು? ಪರದೆಯ ಮೇಲ್ತುದಿಯಲ್ಲಿ ಬಾವುಟದ ಹಾಗೆ ವಾಲುತ್ತಿದ್ದ ಚಿತ್ರ ನಿಂತಿತು. ಬಿದ್ದ ಫ್ರೇಮುಗಳ ಲೆಕ್ಕ ತೋರಿಸುವ ಮೂಲೆಯಲ್ಲಿ ಸೊನ್ನೆ, ಟೇಪು ಮುಗಿಯುವವರೆಗೂ ಸೊನ್ನೆ.

ಈ ಯಂತ್ರ ಕೈಗೆ ಬರುವ ಹೊತ್ತಿಗೆ ಸಾಕುಸಾಕಾಗಿತ್ತು. ಆನ್‌ಲೈನಿನಲ್ಲಿ ‘ಟೆಸ್ಟೆಡ್, ಪಕ್ಕಾ ವರ್ಕಿಂಗ್’ ಅಂತ ಬರೆದವರು ಕಳಿಸಿದ್ದಕ್ಕೆ ರಿಮೋಟಿಲ್ಲ. ರಿಮೋಟಿಲ್ಲದೆ ಮೆನುವಿಗೆ ಹೋಗಿ ನಾಯ್ಸ್ ರಿಡಕ್ಷನ್ (ಹರಳು ತಗ್ಗಿಸುವ ಸೌಲಭ್ಯ) ಆಫ್ ಮಾಡುವುದು ಹೇಗೆ? ಕೇಳಿದರೆ ಉತ್ತರವಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ವಿಸಿಆರ್‌ನ ಪಿಂಚ್ ರೋಲರ್ (ಟೇಪನ್ನು ಒತ್ತಿ ಎಳೆಯುವ ಗಾಲಿ) ಕೇಳಿದ್ದಕ್ಕೆ ಟೇಪ್ ರೆಕಾರ್ಡರಿನದು ಕಟ್ಟಿ ಕೊಟ್ಟರು, ‘ಎಲ್ಲಾ ಒಂದೇ ಸರ್’ ಅಂದರು. ಒಂದೇ ಅಲ್ಲ, ಸ್ವಾಮಿ! ಹತ್ತಿಕಡ್ಡಿಯನ್ನು ಹೆಡ್ ಕ್ಲೀನಿಂಗ್ ಕಿಟ್ ಅಂತ ಮಾರುವವರ ಬಗ್ಗೆ ಬರೆಯಲು ಕೂತರೆ ಇನ್ನೊಂದು ಪುಟ ಬೇಕು. ದಯವಿಟ್ಟು ಹೆಡ್ಡಿಗೆ ಹತ್ತಿ ತಾಗಿಸಬೇಡಿ, ಎಳೆ ಸಿಕ್ಕಿಕೊಂಡರೆ ಹೆಡ್ಡೇ ಹೋಗುತ್ತದೆ.

ಇಎಸ್10 ಕೊಟ್ಟಿದ್ದಕ್ಕೆ ಬೆಲೆಯನ್ನೂ ಕೇಳುತ್ತದೆ. ಕತ್ತಲ ದೃಶ್ಯಗಳು ಪದರ ಪದರವಾಗಿ ಒಡೆಯುತ್ತವೆ. ಹಗಲೇ ಹೆಚ್ಚಿರುವ ಕಂತುಗಳಲ್ಲಿ ಇದು ಕಾಣಲಿಲ್ಲ. ಆದರೆ ಸದಾನಂದ ಸುವರ್ಣರ ‘ಗುಡ್ಡದ ಭೂತ’ ಹಾಕಿ ನೋಡಿದೆ. ಆ ಧಾರಾವಾಹಿಯ ಜೀವವೇ ಕರಾವಳಿಯ ಇರುಳು. ‘ಡೆನ್ನಾನ ಡೆನ್ನಾನ’ ಶುರುವಾದರೆ ನಾವೆಲ್ಲ ಚಾದರ ಎಳೆದುಕೊಳ್ಳುತ್ತಿದ್ದೆವು. ಕನ್ನಡ ಕಿರುತೆರೆಯಲ್ಲಿ ಅದರಷ್ಟು ಕಡಿಮೆ ತೋರಿಸಿ ಅಷ್ಟು ಹೆದರಿಸಿದ್ದು ಇನ್ನೊಂದಿಲ್ಲ. ಆ ಕಪ್ಪು ಚೌಕ ಚೌಕವಾಗಿ ಒಡೆದರೆ ಭೂತಕ್ಕೆ ಅವಿತುಕೊಳ್ಳಲು ಜಾಗ ಎಲ್ಲಿ? ಹಾಗಾಗಿ ಆ ಟೇಪನ್ನು ಪಕ್ಕಕ್ಕಿಟ್ಟಿದ್ದೇನೆ.

ಅದಕ್ಕೇ ಮುಂದಿನ ಯೋಜನೆ ತಲೆ ಹೊಕ್ಕಿರುವುದು: ವಿಎಚ್‌ಎಸ್-ಡಿಕೋಡ್. ವಿಸಿಆರ್‌ನ ಹೆಡ್ ಆಂಪ್ಲಿಫೈಯರಿನಿಂದಲೇ ಆರ್‌ಎಫ್ ಸಿಗ್ನಲ್ (ಟೇಪಿನಿಂದ ಓದಿದ ಕಚ್ಚಾ ಸಿಗ್ನಲ್) ಎಳೆದು, ಉಳಿದದ್ದನ್ನೆಲ್ಲ ಕಂಪ್ಯೂಟರಿನಲ್ಲೇ ಬಿಡಿಸುವ ದಾರಿ. ಟೈಮ್ ಬೇಸ್ ತಿದ್ದುವುದೂ ಸಾಫ್ಟ್‌ವೇರಿನಲ್ಲೇ, ನಡುವೆ ಯಾವ ಡಿವಿಡಿ ರೆಕಾರ್ಡರಿನ ಹಂಗೂ ಇಲ್ಲ. ಕತ್ತಲು ಕತ್ತಲಾಗಿಯೇ ಉಳಿಯಬೇಕು. ಇದಕ್ಕೊಂದು ನೆಪವೂ ಇದೆ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) 4ಕೆಯಲ್ಲಿ ಪುನರುಜ್ಜೀವಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತಲ್ಲ, ಮಾವನ ಪೆಟ್ಟಿಗೆಯಲ್ಲಿ ಅದರ ದೂರದರ್ಶನದ ಪ್ರತಿ ಇದೆ, ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಚಿತ್ರದ ಹೊತ್ತಿನದು. ‘ಘಟಶ್ರಾದ್ಧ’ಕ್ಕೂ ‘ಮಾಲ್ಗುಡಿ ಡೇಸ್’ಗೂ ಕ್ಯಾಮೆರಾ ಹಿಡಿದವರು ಎಸ್. ರಾಮಚಂದ್ರ. ಒಂದರಲ್ಲಿ ಕಪ್ಪು ಬಿಳುಪು, ಇನ್ನೊಂದರಲ್ಲಿ ಬಣ್ಣ. ಮಲೆನಾಡಿನ ಮನೆಯ ನಡುಬಾಗಿಲಿಂದ ಒಳಗೆ ಬೀಳುವ ಬೆಳಕನ್ನು ಅವರಷ್ಟು ಅರಿತವರು ಕಡಿಮೆ. ‘ಘಟಶ್ರಾದ್ಧ’ದ ಯಮುನಕ್ಕನ ಹಿಂದಿನ ಗೋಡೆಯ ಕಪ್ಪನ್ನು ನನ್ನ ಟೇಪು ಎಷ್ಟು ಉಳಿಸಿಕೊಂಡಿದೆ ಅಂತ ಪಕ್ಕಪಕ್ಕ ಇಟ್ಟು ನೋಡುವ ಆಸೆ.

ಆ ಟೇಪಿನ ಅಂಚಿಗೆ ಬೂಷ್ಟು ಹಿಡಿದಿದೆ. ಒಳ್ಳೆಯ ವಿಸಿಆರ್‌ಗೆ ಹಾಕಿದರೆ ಅದಕ್ಕೂ ಅಂಟುತ್ತದೆ. ಅದಕ್ಕಾಗಿಯೇ ಒಂದು ಗುಜರಿ ಯಂತ್ರವನ್ನು ಬೇರೆ ಇಟ್ಟುಕೊಂಡಿದ್ದೇನೆ, ಮೊದಲು ಅದರಲ್ಲಿ ಸುತ್ತಿ ಒರೆಸಬೇಕು. ಮಳೆಗಾಲದಲ್ಲಿ ಆ ಕೆಲಸ ಬೇಡ, ಬಿಸಿಲು ಬರಲಿ. ಅಷ್ಟರಲ್ಲಿ ಆ ಆರ್‌ಎಫ್ ಸಿಗ್ನಲ್ಲನ್ನು ಕಂಪ್ಯೂಟರಿಗೆ ಇಳಿಸುವ ಕಾರ್ಡ್ ಹೊಂದಿಸಬೇಕು. ಕೋನೆಕ್ಸೆಂಟ್ ಸಿಎಕ್ಸ್2388 ಸರಣಿಯ ಚಿಪ್ ಇರುವ ಹಳೆಯ ಪಿಸಿಐ ಟಿವಿ ಟ್ಯೂನರ್ ಕಾರ್ಡ್ ನಿಮ್ಮ ಅಟ್ಟದಲ್ಲಿದ್ದರೆ ಗುಜರಿಗೆ ಹಾಕಬೇಡಿ, ಒಂದು ಮಾತು ಹೇಳಿ. ಸಾಗಾಟದ ಖರ್ಚು ನನ್ನದು.