ಗುಡ್ಡ ಮೊದಲು, ಟರ್ಮಿನಲ್ ಆಮೇಲೆ

ಆಟಿಯ ಒಂದು ಭಾನುವಾರ, ಮಂಗಳೂರಿನ ಬಿಜೈಯ ಮನೆಯೊಂದರ ಮಹಡಿ ಕೋಣೆ. ಹೊರಗೆ ಬಿಡದೆ ಸುರಿಯುವ ಮಳೆ, ಮೇಜಿಗೆ ಬಿಗಿದ ಯೋಕ್ (ವಿಮಾನದ ಸ್ಟೀರಿಂಗ್), ಕಾಲಡಿ ರಡ್ಡರ್ ಪೆಡಲ್. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್ ಎಕ್ಸ್-ಪ್ಲೇನ್ 12ರಲ್ಲಿ ಬಜ್ಪೆ ವಿಮಾನ ನಿಲ್ದಾಣಕ್ಕೆಂದು ಇಳಿಸಿಕೊಂಡ ಎರಡು ಸೀನರಿಗಳಿದ್ದವು (ನಿಲ್ದಾಣದ ನೆಲ, ಕಟ್ಟಡಗಳ ಮಾದರಿ), ಒಂದು ಉಚಿತದ್ದು, ಒಂದು ದುಡ್ಡು ಕೊಟ್ಟದ್ದು. ಸಂಜೆಯೊಳಗೆ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ತೆಗೆಯಬೇಕಿತ್ತು.

ಚಿತ್ರ ನೋಡಿ ಆರಿಸುವುದಾದರೆ ಐದು ನಿಮಿಷದ ಕೆಲಸ. ದುಡ್ಡಿನ ಸೀನರಿಯ ಟರ್ಮಿನಲ್ ಒಳಗೆ ಲಗೇಜ್ ಬೆಲ್ಟ್ ಕೂಡ ಇದೆ, ಗಾಜಿನ ಮೇಲೆ ಮಳೆನೀರು ಹೊಳೆಯುತ್ತದೆ. ಉಚಿತದ್ದರಲ್ಲಿ ಟರ್ಮಿನಲ್ ಎಂದರೆ ಒಂದು ಬಿಳಿ ಡಬ್ಬಿ. ಆದರೆ ಬಜ್ಪೆಯ ಮಟ್ಟಿಗೆ ಟರ್ಮಿನಲ್ ಕೊನೆಯ ಮಾತು. ಅಲ್ಲಿ ಇರುವುದು ಗುಡ್ಡದ ನೆತ್ತಿ ಕಡಿದು ಮಾಡಿದ ಟೇಬಲ್‌ಟಾಪ್ ರನ್‌ವೇ: 06/24 (ಒಂದೇ ರನ್‌ವೇಗೆ ಎರಡು ದಿಕ್ಕಿನ ಹೆಸರು; ಈಶಾನ್ಯದಿಂದ ಬಂದು ಇಳಿದರೆ 24), ಉದ್ದ 2,450 ಮೀಟರ್, ಅಗಲ 45 ಮೀಟರ್, ಸಮುದ್ರಮಟ್ಟದಿಂದ ಸುಮಾರು 337 ಅಡಿ ಎತ್ತರ. ರನ್‌ವೇ ಮುಗಿದಲ್ಲಿ ನೆಲವೂ ಮುಗಿಯುತ್ತದೆ. 2010ರ ಮೇ 22ರ ಬೆಳಗ್ಗೆ 24ರಲ್ಲಿ ಇಳಿದ ವಿಮಾನ ನಿಲ್ಲದೆ ಆ ಕಣಿವೆಗೆ ಬಿದ್ದು 158 ಮಂದಿ ತೀರಿಕೊಂಡರು. ಊರಿನವರಿಗೆ ಆ ಇಳಿಜಾರು ಎಂಥದ್ದೆಂದು ಗೊತ್ತು. ಅದನ್ನು ಸರಿಯಾಗಿ ತೋರಿಸದ ಸೀನರಿಗೆ ಬಜ್ಪೆ ಎಂದು ಹೆಸರಿಡಬಾರದು.

ಹಾಗಾಗಿ ಮೊದಲ ಪರೀಕ್ಷೆ ನೆಲದ್ದು. ಮಧ್ಯಾಹ್ನ 12 ಗಂಟೆ, ಮೋಡವಿಲ್ಲದ ಆಕಾಶ ಎಂದು ಹೊಂದಿಸಿ, ಸೆಸ್ನಾ 172ನ್ನು ರನ್‌ವೇ ಮೇಲೆ ಇಟ್ಟು, 15 ನಾಟ್ ವೇಗದಲ್ಲಿ ಈ ತುದಿಯಿಂದ ಆ ತುದಿಗೆ ಓಡಿಸಬೇಕು. ಮೂಗು ಎಲ್ಲಾದರೂ ಎಗರಿದರೆ ಕೆಳಗಿನ ಮೆಶ್‌ನಲ್ಲಿ (ನೆಲದ ಏರಿಳಿತದ ಜಾಲ) ಉಬ್ಬು ಇದೆ ಎಂದರ್ಥ. ಆಮೇಲೆ ಕ್ಯಾಮೆರಾವನ್ನು ರನ್‌ವೇ ತುದಿಯಿಂದ ಹೊರಗೆ ತೇಲಿಸಿ ಹಿಂತಿರುಗಿ ನೋಡಬೇಕು. ದುಡ್ಡಿನ ಸೀನರಿ ಸಿಕ್ಕಿಬಿದ್ದದ್ದು ಇಲ್ಲಿ. ಕಣಿವೆಗೆ ಇಳಿಯಬೇಕಾದ ಕಡೆ ಹಸಿರು ಬಟ್ಟೆ ಹಾಸಿದಂಥ ಸಮತಟ್ಟು, ಅದರ ಅಂಚಿನಲ್ಲಿ ನೆಟ್ಟಗೆ ನಿಂತ ಗೋಡೆ. ಹುಲ್ಲಿನ ಚಿತ್ರ ಆ ಗೋಡೆಯ ಮೇಲೆ ಎಳೆದ ರಬ್ಬರಿನ ಹಾಗೆ ಉದ್ದುದ್ದ ಗೆರೆಯಾಗಿತ್ತು.

ಕಾರಣ ಸರಳ. ನಿಲ್ದಾಣದ ಗಡಿರೇಖೆಯನ್ನು ಗುಡ್ಡದ ನೆತ್ತಿಗೆ ನಿಲ್ಲಿಸದೆ ಇಳಿಜಾರಿನ ಮೇಲೂ ಎಳೆದಿದ್ದರು, ಜೊತೆಗೆ 'ಯಾವಾಗಲೂ ಫ್ಲಾಟನ್' ಎಂದು ಗುರುತು ಹಾಕಿದ್ದರು. ಆಗ ಗಡಿಯೊಳಗಿನ ನೆಲವನ್ನೆಲ್ಲ ಸಿಮ್ಯುಲೇಟರ್ ಒಂದೇ ಮಟ್ಟಕ್ಕೆ ತರುತ್ತದೆ. ನಿಲ್ದಾಣದ ವಿವರವಿರುವ ಏಪಿಟಿ ಡಾಟ್ ಡ್ಯಾಟ್ (apt.dat) ಫೈಲಿನಲ್ಲಿ ಆ ಗುರುತು '1302 ಫ್ಲಾಟನ್ 1' ಎಂಬ ಸಾಲಾಗಿರುತ್ತದೆ. ಫೈಲಿನ ನಕಲು ತೆಗೆದಿಟ್ಟು ಆ ಸಾಲು ಅಳಿಸಿದ್ದಾಯಿತು. ಗುಡ್ಡ ಮರಳಿ ಬಂತು, ಆದರೆ ವಿಮಾನ ನಿಲ್ಲಿಸುವ ಏಪ್ರನ್ ಮೇಲಿನ ದೀಪದ ಕಂಬಗಳು ಗಾಳಿಯಲ್ಲಿ ನಿಂತವು, ಟರ್ಮಿನಲ್ಲಿನ ಒಂದು ಮೂಲೆ ಮಣ್ಣಿನೊಳಗೆ ಹೂತಿತು. ಕಟ್ಟಡಗಳನ್ನು ನೆಲಕ್ಕೆ ಕೂರುವಂತೆ ಇಡದೆ ಸಮುದ್ರಮಟ್ಟದಿಂದ ಇಷ್ಟೇ ಎತ್ತರ ಎಂದು ಅಂಕಿ ಕೊಟ್ಟು ಇಟ್ಟಿದ್ದರೆ ಹೀಗೇ ಆಗುವುದು. ಒಂದೊಂದನ್ನೂ ಸರಿಪಡಿಸುವಷ್ಟು ಕೆಲಸವಿದ್ದರೆ ಅದಕ್ಕೆ ದುಡ್ಡು ಯಾಕೆ ಕೊಡಬೇಕು?

ಎರಡನೆಯದು ಲೋಕಲೈಸರ್ ಪರೀಕ್ಷೆ, ಅಂದರೆ ಇಳಿಯುವ ವಿಮಾನಕ್ಕೆ ರನ್‌ವೇಯ ಮಧ್ಯಗೆರೆ ತೋರಿಸುವ ರೇಡಿಯೋ ಸಂಕೇತದ್ದು. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಆ ಸಂಕೇತ ಕೊಡುವ ಐಎಲ್‌ಎಸ್‌ನ ಸ್ಥಾನ ಸೀನರಿಯೊಳಗೆ ಇರುವುದಿಲ್ಲ, ಸಿಮ್ಯುಲೇಟರ್‌ನ ನ್ಯಾವಿಗೇಶನ್ ಡೇಟಾದಲ್ಲಿರುತ್ತದೆ. ಉಪಗ್ರಹ ಚಿತ್ರವೇ ನಾಲ್ಕಾರು ಮೀಟರ್ ಸರಿದಿದ್ದರೆ, ಅದರ ಮೇಲೆ ರನ್‌ವೇ ಬರೆದವರ ರನ್‌ವೇಯೂ ಸರಿಯುತ್ತದೆ, ಐಎಲ್‌ಎಸ್ ಮಾತ್ರ ಇದ್ದಲ್ಲೇ ಇರುತ್ತದೆ. 24ಕ್ಕೆ ಐದು ನಾಟಿಕಲ್ ಮೈಲಿ ದೂರದಲ್ಲಿ ಸುಮಾರು 2,000 ಅಡಿಯಲ್ಲಿ ಹೊರಡಿ. 3 ಡಿಗ್ರಿ ಇಳಿಜಾರಿಗೆ ಮೈಲಿಗೆ 318 ಅಡಿಯಂತೆ ಇಳಿಯುತ್ತದೆ. ಲೋಕಲೈಸರಿನ ಮುಳ್ಳು ನಡುವಿನಲ್ಲಿರುವಾಗ ವಿಮಾನವೂ ಮಧ್ಯಗೆರೆಯ ಮೇಲೆ ಇರಬೇಕು. ಅಗಲವೇ 45 ಮೀಟರ್ ಇರುವಾಗ 15 ಮೀಟರ್ ಸರಿದರೂ ಚಕ್ರ ಅಂಚಿನ ದೀಪದ ಹತ್ತಿರ ಇಳಿಯುತ್ತದೆ. ಉಚಿತದ್ದು ಇದರಲ್ಲಿ ಗೆದ್ದಿತು.

ಅದರಲ್ಲೂ ಕೊರತೆ ಇತ್ತು. ರನ್‌ವೇ ಇನ್ನೂ ಹಳೆಯ ಕಾಂಕ್ರೀಟಿನ ಬೂದು ಬಣ್ಣದಲ್ಲಿತ್ತು. 2023ರಲ್ಲಿ ಮೇಲೆ ಡಾಂಬರಿನ ಹೊದಿಕೆ ಬಿದ್ದದ್ದರಿಂದ ಈಗ ಅದು ಕಪ್ಪು. ಸೀನರಿ ಯಾವ ಕಾಲದ್ದೆಂದು ತಿಳಿಯಲು ಇದಕ್ಕಿಂತ ಸುಲಭದ ಗುರುತಿಲ್ಲ. ಸೀನರಿ ತಿದ್ದುವ ವರ್ಲ್ಡ್ ಎಡಿಟರ್‌ನಲ್ಲಿ ರನ್‌ವೇ ಆರಿಸಿ, ಮೇಲ್ಮೈ ಎಂಬಲ್ಲಿ ಕಾಂಕ್ರೀಟ್ ತೆಗೆದು ಆಸ್ಫಾಲ್ಟ್ ಹಾಕಿ ಎಕ್ಸ್‌ಪೋರ್ಟ್ ಮಾಡಿದರೆ ಮುಗಿಯಿತು. 1,615 ಮೀಟರಿನ ಹಳೆಯ ರನ್‌ವೇ 09/27 ಸರಿಯಾದ ಜಾಗದಲ್ಲೇ ಇತ್ತು, ಅದನ್ನು ಮುಟ್ಟಲಿಲ್ಲ. ಕೆಲವು ಮರಗಳು ಬರಲಿಲ್ಲ. ಲಾಗ್ ಫೈಲ್ ತೆರೆದರೆ ಯಾವ ಲೈಬ್ರರಿ (ಮರ, ವಸ್ತುಗಳ ಮಾದರಿಗಳ ಸಂಗ್ರಹ) ಇಲ್ಲವೆಂದು ಹೆಸರು ಸಮೇತ ಬರೆದಿರುತ್ತದೆ, ಅದೊಂದನ್ನೇ ತಂದರೆ ಸಾಕು.

ಗ್ರಾಫಿಕ್ಸ್ ಕಾರ್ಡಿನ ಲೆಕ್ಕವನ್ನೂ ಕೊಳ್ಳುವ ಮೊದಲೇ ಹಾಕಬಹುದು. 4096 × 4096 ಪಿಕ್ಸೆಲ್‌ನ ಒಂದು ಟೆಕ್ಸ್ಚರ್ (ಮೇಲ್ಮೈಗೆ ಅಂಟಿಸುವ ಚಿತ್ರ) ಒತ್ತಿ ಕಿರಿದು ಮಾಡಿದ ಡಿಡಿಎಸ್ ರೂಪದಲ್ಲಿ ಮೆಮೊರಿಯ ಸುಮಾರು 21 ಎಂಬಿ ತಿನ್ನುತ್ತದೆ, ಒತ್ತಿ ಕಿರಿದು ಮಾಡದಿದ್ದರೆ 85. ಅಂಥ ನಲವತ್ತು ಫೈಲುಗಳಿದ್ದರೆ ಮೊದಲ ರೂಪದಲ್ಲೇ 840 ಎಂಬಿ ಆಯಿತು. 8 ಜಿಬಿ ಕಾರ್ಡಿನಲ್ಲಿ ಮೋಡ, ಮಳೆ, ಏರ್‌ಬಸ್ಸಿನ ಕಾಕ್‌ಪಿಟ್ ಎಲ್ಲವೂ ಸೇರಬೇಕು. ಲಗೇಜ್ ಬೆಲ್ಟಿಗೆ ಅಷ್ಟು ಜಾಗ ಕೊಡುವುದು ದಂಡ.

ನೆಲದ ಚಿತ್ರದ ಟೈಲುಗಳ ವಿಷಯಕ್ಕೆ ಬಂದರೆ ಬಜ್ಪೆ ಒಂದು ವಿಚಿತ್ರ ಜಾಗದಲ್ಲಿದೆ. ಉಪಗ್ರಹ ಚಿತ್ರದಿಂದ ಟೈಲ್ ಮಾಡಿಕೊಡುವ ಆರ್ಥೋ4ಎಕ್ಸ್‌ಪಿ ತಂತ್ರಾಂಶ ಭೂಮಿಯನ್ನು ಒಂದೊಂದು ಡಿಗ್ರಿಯ ಚೌಕಗಳಾಗಿ ಕತ್ತರಿಸುತ್ತದೆ. ನಿಲ್ದಾಣ 12.96 ಅಕ್ಷಾಂಶ, 74.89 ರೇಖಾಂಶದಲ್ಲಿ, ಅಂದರೆ +12+074 ಚೌಕದ ಈಶಾನ್ಯ ಮೂಲೆಯಲ್ಲಿ. ಆ ಚೌಕದ ಬಹುಪಾಲು ಅರಬ್ಬಿ ಸಮುದ್ರವಾದ್ದರಿಂದ ಡಿಸ್ಕಿಗೆ ಹಗುರ. ಆದರೆ 24ಕ್ಕೆ ಬರುವವರು ಮೂಡಬಿದಿರೆ ಕಡೆಯಿಂದ +13+075ರಲ್ಲಿ ಹೊರಟು, ಉಡುಪಿಯಿರುವ +13+074ರ ತುದಿ ಸವರಿ, ಸುಮಾರು ಐದು ಮೈಲಿ ಇರುವಾಗ +12+074ಕ್ಕೆ ದಾಟುತ್ತಾರೆ. ಒಂದೇ ಟೈಲ್ ಹಾಕಿದವರಿಗೆ ಫೈನಲ್ ಅಪ್ರೋಚಿನ ನಡುವೆ ನೆಲದ ಬಣ್ಣ ಕತ್ತರಿಸಿದ ಹಾಗೆ ಬದಲಾಗುವುದು ಇದಕ್ಕೇ. ಮೂರೂ ಬೇಕು, ಮೂರಕ್ಕೂ ಒಂದೇ ಮೂಲದ ಚಿತ್ರ ಬೇಕು. ಇಲ್ಲದಿದ್ದರೆ ಒಂದರಲ್ಲಿ ಮಳೆಗಾಲದ ಗದ್ದೆ, ಪಕ್ಕದ್ದರಲ್ಲಿ ಏಪ್ರಿಲ್‌ನ ಒಣ ಮುರಕಲ್ಲು. ಝೂಮ್ 16ರಲ್ಲಿ ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ 2.3 ಮೀಟರ್, 17ರಲ್ಲಿ ಅದರ ಅರ್ಧ. ಒಂದು ಮೆಟ್ಟಿಲು ಏರಿದರೆ ಪಿಕ್ಸೆಲ್ ನಾಲ್ಕು ಪಟ್ಟು. ಕುದುರೆಮುಖ, ಆಗುಂಬೆ ತುಂಬಿದ +13+075ಕ್ಕೆ 16 ಸಾಕು, ನಿಲ್ದಾಣದ ಸುತ್ತ ಮಾತ್ರ 17.

ಟೈಲ್ ಸೇರಿಸಿದ ಕೂಡಲೇ ಕಟ್ಟಡಗಳೆಲ್ಲ ಮಾಯ! ಗಾಬರಿ ಬೇಡ. ಕಸ್ಟಮ್ ಸೀನರಿ ಫೋಲ್ಡರಿಗೆ ಹೊಸದಾಗಿ ಬಂದದ್ದನ್ನು ಎಕ್ಸ್-ಪ್ಲೇನ್ ಸೀನರಿ ಪ್ಯಾಕ್ಸ್ ಪಟ್ಟಿಯ ನೆತ್ತಿಯ ಮೇಲೆ ಬರೆಯುತ್ತದೆ, ಮೇಲಿರುವ ಮೆಶ್ ಕೆಳಗಿನದ್ದನ್ನು ಮುಚ್ಚುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದು ನಿಲ್ದಾಣವನ್ನು ಮೇಲೆ, ಅದರ ಕೆಳಗೆ ಗ್ಲೋಬಲ್ ಏರ್‌ಪೋರ್ಟ್ಸ್ ಸಾಲು, ಆಮೇಲೆ ಓವರ್‌ಲೇ (ರಸ್ತೆ, ಮರ, ಮನೆಗಳ ಪದರ), ಕೊನೆಗೆ ಆರ್ಥೋ ಟೈಲ್ ಎಂದು ಜೋಡಿಸಿದರೆ ಎಲ್ಲ ಮರಳಿ ಬರುತ್ತದೆ. ಬೇಡವಾದ ಸೀನರಿಯನ್ನು ಇದೇ ಪಟ್ಟಿಯಲ್ಲಿ 'ಡಿಸೇಬಲ್ಡ್' ಎಂದು ಗುರುತಿಸಿಟ್ಟರೆ ಫೋಲ್ಡರ್ ಅಳಿಸಬೇಕಾಗಿಲ್ಲ. ದುಡ್ಡಿನದ್ದು ಆ ಸಂಜೆ ಅಲ್ಲಿಗೆ ಹೋಯಿತು.

ರಾತ್ರಿ +13+075 ಇಳಿಯುತ್ತಿರುವಾಗಲೇ ಕರೆಂಟು ಹೋಯಿತು. ಇಳಿದ ಚಿತ್ರಗಳು ಆರ್ಥೋಫೋಟೋಸ್ ಫೋಲ್ಡರಿನಲ್ಲಿ ಹಾಗೇ ಉಳಿದಿರುತ್ತವೆ, ಬೆಳಗ್ಗೆ ಅದೇ ಟೈಲಿಗೆ ಮತ್ತೆ ಬಿಲ್ಡ್ ಒತ್ತಿದರೆ ಬಾಕಿ ಇರುವುದನ್ನಷ್ಟೇ ತರುತ್ತದೆ.