ಗಿಡದ ಹೆಸರು ಹಾಕಿದರೆ ಔಷಧಿ ಬರುತ್ತಾ?

"ಕಂಪ್ಯೂಟರಲ್ಲಿ ಗಿಡದ ಹೆಸರು ಹಾಕಿದ್ರೆ ಯಾವ ಕಾಯಿಲೆಗೆ ಔಷಧಿ ಅಂತ ಬರುತ್ತಂತಲ್ಲ, ಹೌದಾ ಮಾರಾಯ?" ಹೊಸನಗರ, ತೀರ್ಥಹಳ್ಳಿ ಕಡೆ ಯಾವ ಮದುವೆ ಮನೆಗೆ ಹೋದರೂ ಪಂಕ್ತಿಯಲ್ಲಿ ಪಕ್ಕ ಕೂತವರು ಇದನ್ನು ಕೇಳುತ್ತಾರೆ. ಔಷಧ ಸಂಶೋಧನೆಯ ಮಾಹಿತಿ ಹುಡುಕುವುದು, ಸೋಸುವುದು ನನ್ನ ಕಸುಬು ಅಂತ ಊರಿಗೆಲ್ಲ ಗೊತ್ತು. ಅನ್ನಕ್ಕೆ ಸಾರು ಬರುವಷ್ಟರಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. "ಇಲ್ಲ ಭಾವ, ಹಂಗೆ ಬರಲ್ಲ" ಅಂದು ಸುಮ್ಮನಾಗುತ್ತೇನೆ. ಪೂರ್ತಿ ಉತ್ತರ ಇಲ್ಲಿದೆ.

ನಾನು ದಿನವೂ ತೆರೆಯುವುದು ಕೆಂಬಲ್ ಎಂಬ ದತ್ತಸಂಚಯ, ಅಂದರೆ ಡೇಟಾಬೇಸ್. ಇಂಗ್ಲೆಂಡಿನ ಕೇಂಬ್ರಿಜ್ ಹತ್ತಿರದ ಹಿಂಕ್ಸ್ಟನ್ನಿನಲ್ಲಿರುವ ಯುರೋಪಿಯನ್ ಬಯೋಇನ್‌ಫರ್ಮ್ಯಾಟಿಕ್ಸ್ ಸಂಸ್ಥೆ ಇದನ್ನು ನಡೆಸುತ್ತದೆ. 2009ರಿಂದ ಯಾರು ಬೇಕಾದರೂ ದುಡ್ಡು ಕೊಡದೆ ನೋಡಬಹುದು. 20 ಲಕ್ಷಕ್ಕೂ ಹೆಚ್ಚು ಅಣುಗಳ ವಿವರ ಅದರಲ್ಲಿದೆ. ಆದರೆ ಅದು ವೈದ್ಯರ ಚೀಟಿಯಲ್ಲ. ಶಿವಮೊಗ್ಗದ ಅಡಿಕೆ ಮಂಡಿಯ ಲೆಕ್ಕದ ಪುಸ್ತಕದ ಹಾಗೆ: ರಾಶಿ ಇಡಿಯೋ ಬೆಟ್ಟೆಯೋ, ಎಷ್ಟು ತೂಕ, ಏನು ದರ ಎಂದು ಅದರಲ್ಲಿರುತ್ತದೆ; ಆ ತೋಟ ಕೊಂಡರೆ ಲಾಭವೋ ಎಂದು ಇರುವುದಿಲ್ಲ. ಕೆಂಬಲ್‌ನ ಒಂದು ಸಾಲಿನಲ್ಲೂ ಅಷ್ಟೇ: ಈ ಅಣುವನ್ನು ಈ ಪ್ರೋಟೀನಿನ ಮೇಲೆ ಹಾಕಿ ಅಳೆದಾಗ ಇಷ್ಟು ಸಂಖ್ಯೆ ಬಂತು, ಅದು ಈ ಪತ್ರಿಕೆಯಲ್ಲಿ ಅಚ್ಚಾಗಿದೆ.

ನಮ್ಮ ಕಾಡಿನ ಹುಳಿಹಣ್ಣು ಉಪ್ಪಾಗೆಯನ್ನೇ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಕಾಡಿನಿಂದ ತಂದು, ಸಿಪ್ಪೆ ಬಿಡಿಸಿ, ಒಲೆಯ ಮೇಲೆ ಒಣಗಿಸಿ ಮಾರುವುದು ನಮ್ಮಲ್ಲಿ ಎಷ್ಟೋ ಮನೆಗಳ ವರಮಾನ. ಅದರ ಹುಳಿಯಲ್ಲಿ ಮುಖ್ಯವಾಗಿರುವುದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ತೋರಿಸಿದ್ದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್, 1965ರಲ್ಲಿ. ನಾಲ್ಕು ವರ್ಷದ ನಂತರ ಅಮೆರಿಕದ ಲೋವೆನ್‌ಸ್ಟೈನ್ ಅವರ ತಂಡ, ಈ ಆಮ್ಲ ಎಟಿಪಿ ಸಿಟ್ರೇಟ್ ಲಯೇಸ್ ಎಂಬ ಕಿಣ್ವವನ್ನು ತಡೆಯುತ್ತದೆ ಎಂದು ಕಂಡಿತು. ದೇಹ ಸಕ್ಕರೆಯಿಂದ ಕೊಬ್ಬು ಮಾಡಿಕೊಳ್ಳುವ ದಾರಿಯಲ್ಲಿ ಈ ಕಿಣ್ವ ಬೇಕು. ಅಷ್ಟು ಸಾಕಾಯಿತು. ತೂಕ ಇಳಿಸುವ ಮಾತ್ರೆಯಾಗಿ ಉಪ್ಪಾಗೆ ಹೊರದೇಶಕ್ಕೆ ಹೊರಟಿತು, ನಮ್ಮ ಕಾಡಿನಲ್ಲಿ ಬಲಿಯದ ಕಾಯಿಯನ್ನೂ ಬಿಡದೆ ಕೊಂಬೆ ಸಮೇತ ಕಡಿಯುವುದು ಶುರುವಾಯಿತು.

1998ರಲ್ಲಿ 135 ಜನ ದಪ್ಪಗಿರುವವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಉಪ್ಪಾಗೆಯ ಸಾರ, ಇನ್ನೊಂದಕ್ಕೆ ಔಷಧಿಯಿಲ್ಲದ ಮಾತ್ರೆ ಕೊಟ್ಟು 12 ವಾರ ನೋಡಿದರು. ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಉಪ್ಪಾಗೆ ಸಾರವಿದ್ದ ಮಾತ್ರೆ ತಿಂದು ಯಕೃತ್ತು ಕೆಟ್ಟ ಪ್ರಕರಣಗಳೂ ಆಮೇಲೆ ವರದಿಯಾದವು. ಹಾಗಾದರೆ ಪ್ರಯೋಗಾಲಯದ ಅಳತೆ ಸುಳ್ಳೇ? ಅಲ್ಲ. ಕೊಳವೆಯಲ್ಲಿ ಕಿಣ್ವವೂ ಆಮ್ಲವೂ ಎದುರುಬದುರಿರುತ್ತವೆ. ದೇಹದಲ್ಲಿ ನಡುವೆ ಜೀವಕೋಶದ ಪೊರೆಯಿದೆ, ಅದು ಕೊಬ್ಬಿನದು. ನೀರಿನಲ್ಲಿ ಚೆನ್ನಾಗಿ ಕರಗುವ ಈ ಆಮ್ಲಕ್ಕೆ ಅದನ್ನು ದಾಟುವುದೇ ಕಷ್ಟ.

ಇಲ್ಲಿ ದತ್ತಸಂಚಯದ ನಿಜವಾದ ಉಪಯೋಗ ಶುರುವಾಗುತ್ತದೆ. ಗಿಡದ ಹೆಸರು ಬಿಟ್ಟು ಕಿಣ್ವದ ಹೆಸರು ಹಾಕಿ ಹುಡುಕಿ. ಅದೇ ಎಟಿಪಿ ಸಿಟ್ರೇಟ್ ಲಯೇಸ್ ಮೇಲೆ ಕೆಲಸ ಮಾಡುವ ಬೆಂಪಿಡೋಯಿಕ್ ಆಮ್ಲ ಸಿಗುತ್ತದೆ. ಕೊಲೆಸ್ಟರಾಲ್ ಇಳಿಸಲು ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಪಡೆದ ಔಷಧಿ ಅದು. ನುಂಗಿದಾಗ ಅದು ನಿಷ್ಕ್ರಿಯ. ಯಕೃತ್ತಿನಲ್ಲಿರುವ ಇನ್ನೊಂದು ಕಿಣ್ವ ಅದನ್ನು ಎಬ್ಬಿಸುತ್ತದೆ. ಕೈಕಾಲಿನ ಸ್ನಾಯುಗಳಲ್ಲಿ ಆ ಕಿಣ್ವವಿಲ್ಲ, ಆದ್ದರಿಂದ ಕೊಲೆಸ್ಟರಾಲಿಗೆ ಸಾಮಾನ್ಯವಾಗಿ ಕೊಡುವ ಸ್ಟ್ಯಾಟಿನ್ ಮಾತ್ರೆಗಳು ಕೆಲವರಿಗೆ ತರುವ ಸ್ನಾಯುನೋವು ಇದರಲ್ಲಿ ಕಡಿಮೆ ಎಂಬುದು ಲೆಕ್ಕಾಚಾರ. ಗುರಿ ಅದೇ, ಅಣು ಬೇರೆ, ಫಲವೂ ಬೇರೆ. ಉಪ್ಪಾಗೆ ಗುರಿಯನ್ನು ತೋರಿಸಿತ್ತು, ಅಷ್ಟರ ಮಟ್ಟಿಗೆ ಅದರ ಹಿರಿಮೆ ದೊಡ್ಡದೇ.

ಹೆಸರು ನಂಬಿ ಹುಡುಕಬೇಡಿ ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ಹೈಡ್ರಾಕ್ಸಿಸಿಟ್ರಿಕ್ ಆಮ್ಲದಲ್ಲಿ ನಾಲ್ಕು ರೂಪಗಳಿವೆ. ಪರಮಾಣುಗಳೆಲ್ಲ ಅವೇ, ತಿರುಗಿ ಕೂತ ದಿಕ್ಕು ಮಾತ್ರ ಬೇರೆ. ಉಪ್ಪಾಗೆಯಲ್ಲಿರುವುದು ಒಂದು, ಕೆಂಪು ಪುಂಡಿಯಲ್ಲಿರುವುದು ಮತ್ತೊಂದು. ಹೆಸರಿನ ಬದಲು ಅಣುವಿನ ರಚನೆಯನ್ನೇ ಬರೆದು ಹುಡುಕಿದರೆ ಗೊಂದಲವಿಲ್ಲ.

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಿಂದ ಬರುವ ವಿದ್ಯಾರ್ಥಿಗಳಿಗೆ ನಾನು ಮೊದಲು ತೋರಿಸುವುದು ಸಂಖ್ಯೆಯ ಹಿಂದಿರುವ ಸಣ್ಣ ಚಿಹ್ನೆ. 10,000 ನ್ಯಾನೋಮೋಲಾರ್ (ದ್ರಾವಣದಲ್ಲಿ ಅಣು ಎಷ್ಟಿದೆ ಎಂಬುದರ ಅಳತೆ) ಎಂಬುದರ ಹಿಂದೆ "ಇದಕ್ಕಿಂತ ಹೆಚ್ಚು" ಎಂಬ ಗುರುತಿದ್ದರೆ, ಅಷ್ಟು ಹಾಕಿದರೂ ಅಣು ಅರ್ಧದಷ್ಟೂ ತಡೆಯಲಿಲ್ಲ ಎಂದರ್ಥ. ಎಕ್ಸೆಲ್‌ಗೆ ಇಳಿಸಿಕೊಳ್ಳುವಾಗ ಆ ಗುರುತು ಬಿಟ್ಟುಹೋದರೆ ಸೋತದ್ದು ಗೆದ್ದವರ ಸಾಲಿಗೆ ಸೇರುತ್ತದೆ. ಅಳೆದದ್ದು ಮನುಷ್ಯರ ಪ್ರೋಟೀನೋ ಇಲಿಯದ್ದೋ, ಅದನ್ನೂ ನೋಡಬೇಕು. ಅರ್ಧದಷ್ಟು ತಡೆಯಲು ಅಣು ಎಷ್ಟು ಬೇಕು ಎಂದು ಹೇಳುವ ಐಸಿ 50 ಎಂಬ ಅಳತೆಯಂತೂ ಪ್ರಯೋಗದಲ್ಲಿ ಏನೆಲ್ಲ ಎಷ್ಟೆಷ್ಟು ಹಾಕಿದ್ದರು ಎಂಬುದರ ಮೇಲೆ ಬದಲಾಗುತ್ತದೆ. ಎರಡು ಲ್ಯಾಬಿನ ಸಂಖ್ಯೆಗಳನ್ನು ಕಣ್ಣು ಮುಚ್ಚಿ ಸರಾಸರಿ ಮಾಡುವ ಹಾಗಿಲ್ಲ.

ಅರಿಶಿನದ ಕರ್ಕ್ಯುಮಿನ್ ಹುಡುಕಿದವರಿಗೆ ಹಬ್ಬ. ಯಾವ ಪ್ರೋಟೀನ್ ನೋಡಿದರೂ ಅದು ಕೆಲಸ ಮಾಡಿದಂತೆ ಕಾಣುತ್ತದೆ. ನನಗೆ ಅನುಮಾನ ಹುಟ್ಟಿಸುವುದೇ ಅದು. ಕರ್ಕ್ಯುಮಿನ್ ತಾನೇ ಬೆಳಕು ಸೂಸುತ್ತದೆ, ಸಿಕ್ಕ ಪ್ರೋಟೀನಿಗೆಲ್ಲ ಅಂಟುತ್ತದೆ, ಪ್ರಯೋಗದ ಅಳತೆಯನ್ನೇ ಕೆಡಿಸುತ್ತದೆ. 2017ರಲ್ಲಿ ರಸಾಯನ ವಿಜ್ಞಾನಿಗಳ ತಂಡವೊಂದು ಇದನ್ನೆಲ್ಲ ಬಿಡಿಸಿ ಬರೆದಿದೆ. (ಸಾರಿಗೆ ಅರಿಶಿನ ಹಾಕುವುದನ್ನು ನಾನು ಬಿಟ್ಟಿಲ್ಲ, ಗಾಬರಿ ಬೇಡ.)

ಎರಡನೆಯ ಪ್ರಶ್ನೆ ಹೆಚ್ಚು ಬರುವುದು ಬೇಸಿಗೆಯಲ್ಲಿ: ಮಂಗನ ಕಾಯಿಲೆಗೆ ಹುಡುಕಿದರೆ ಏನು ಸಿಗುತ್ತದೆ? ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಿದ ವೈರಸ್ ಅದು. ಇಷ್ಟು ವರ್ಷವಾದರೂ ಸಿಗುವ ಅಳತೆಗಳು ಬಲು ಕಡಿಮೆ. ಡೆಂಗ್ಯೂಗಾಗಿ ಮಾಡಿದ್ದ ಎನ್‌ಐಟಿಡಿ 008 ಎಂಬ ಅಣು ಈ ವೈರಸ್ಸನ್ನೂ ಜೀವಕೋಶಗಳಲ್ಲಿ ತಡೆಯುತ್ತದೆ ಎಂದು 2016ರಲ್ಲಿ ಪ್ರಕಟವಾಯಿತು. ಆದರೆ ಪ್ರಾಣಿಗಳಿಗೆ ಕೊಟ್ಟಾಗ ವಿಷವಾಗಿದ್ದರಿಂದ ಅದನ್ನು ಆ ಮೊದಲೇ ಕೈಬಿಟ್ಟಿದ್ದರು. ತೂಕ ಇಳಿಸುವ ಆಸೆ ಜಗತ್ತಿಗೆಲ್ಲ ಇದೆ. ದರಗು (ಒಣ ಎಲೆ) ತರಲು ಹೋಗಿ ಈ ಕಾಯಿಲೆ ಹರಡುವ ಉಣುಗು (ಉಣ್ಣೆ) ಕಚ್ಚಿಸಿಕೊಳ್ಳುವವರು ಘಟ್ಟದ ಈ ಪಟ್ಟಿಯಲ್ಲಷ್ಟೇ ಇದ್ದಾರೆ. ಯಾರೂ ಅಳೆಯದೆ ಇದ್ದದ್ದನ್ನು ದತ್ತಸಂಚಯ ಎಲ್ಲಿಂದ ತರಬೇಕು?

ಹಾಗಾಗಿ ಈ ವೈರಸ್ಸಿನ ಬಗ್ಗೆ ನಮ್ಮಂಥವರು ಮಾಡುವುದು ಸುತ್ತುದಾರಿಯ ಕೆಲಸ. ಡೆಂಗ್ಯೂ, ಝೀಕಾ ಅದರ ದೂರದ ನೆಂಟರು. ಅವುಗಳ ಪ್ರೋಟೀನಿನ ಮೇಲೆ ಅಳೆದ ಅಣುಗಳನ್ನು ಇಳಿಸಿಕೊಂಡು, ಎರಡೂ ಕಡೆ ಒಂದೇ ರೀತಿ ಇರುವ ಭಾಗಕ್ಕೆ ಯಾವುದು ಕೂರಬಹುದು ಎಂದು ಸೋಸಿ, ಒಂದು ಸಣ್ಣ ಪಟ್ಟಿ ಮಾಡುತ್ತೇವೆ. ಪಟ್ಟಿ ಔಷಧಿಯಲ್ಲ. ಅದನ್ನು ಜೀವಂತ ವೈರಸ್ ಮೇಲೆ ನೋಡಲು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿರುವಂಥ ಬಿಗಿ ಭದ್ರತೆಯ ಲ್ಯಾಬ್ ಬೇಕು. ಸದ್ಯಕ್ಕೆ ಕಾಡಿಗೆ ಹೋಗುವಾಗ ಉಣುಗು ಹತ್ತಿರ ಬಾರದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಜ್ವರ ಬಂದರೆ ರಕ್ತ ಪರೀಕ್ಷೆಗೆ ತಡಮಾಡಬೇಡಿ ಅಂತಷ್ಟೇ ನಾನು ಹೇಳಬಲ್ಲೆ.